ಅಂಕಿತವಿಲ್ಲದ ನುಡಿ

ಶಿವಶರಣರ ವಚನಗಳನ್ನು ನಿತ್ಯವೂ ಓದುವ ಸದ್ಭಕ್ತರೆಲ್ಲರಿಗೂ ಒಂದು ಸಂಗತಿ ವಿದಿತವೇ ಇದೆ. ವಚನವು ಎರಡು ಪಂಕ್ತಿಯದಾಗಿರಲಿ, ಇಪ್ಪತ್ತು ಪಂಕ್ತಿಯದಾಗಿರಲಿ, ಅದರ ಕೊನೆಯಲ್ಲಿ ಒಂದು ಅಂಕಿತವಿರುತ್ತದೆ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುದೇವರದು ಗುಹೇಶ್ವರ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ, ಸೊನ್ನಲಿಗೆಯ ಸಿದ್ಧರಾಮೇಶ್ವರರದು ಕಪಿಲಸಿದ್ಧಮಲ್ಲಿಕಾರ್ಜುನ. ಅಂಬಿಗರ ಚೌಡಯ್ಯನವರಾದರೋ ತಮ್ಮ ಕಾಯಕವನ್ನೂ ಹೆಸರನ್ನೂ ಕೂಡಿಸಿ ಅದನ್ನೇ ಅಂಕಿತವನ್ನಾಗಿ ಮಾಡಿಕೊಂಡರು. ಅಂಕಿತವಿಲ್ಲದೆ ಮುಗಿದ ವಚನವನ್ನು ಕಂಡರೆ ಓದುಗನ ಮನಸ್ಸು ತಾನಾಗಿಯೇ ತಡೆದು ನಿಲ್ಲುತ್ತದೆ. ಇದು ಯಾರ ನುಡಿ ಎಂದು ಕೇಳುತ್ತದೆ.

ಈ ಅಂಕಿತದ ಪ್ರಯೋಜನವೇನು? ವಚನಕಾರರನ್ನು ಗುರುತಿಸುವುದಕ್ಕೆ ಅದು ಸಾಧನವೆಂದು ಪಂಡಿತರು ಹೇಳುವರು. ಅದು ನಿಜವೇ ಆದರೂ ಹೊರಗಿನ ಪ್ರಯೋಜನ. ಒಳಗಿನ ಪ್ರಯೋಜನ ಬೇರೆಯಿದೆ. ಶರಣನು ಮಾತನಾಡುವಾಗ ಎದುರಿಗೆ ಯಾರಿದ್ದರೂ ಇಲ್ಲದಿದ್ದರೂ ಕರಸ್ಥಲದಲ್ಲಿ ಇಷ್ಟಲಿಂಗವಿದೆ. ಆತನ ನುಡಿಗೆ ಮೊದಲ ಶ್ರೋತೃ ಆ ಲಿಂಗವೇ, ಕೊನೆಯ ಸಾಕ್ಷಿಯೂ ಆ ಲಿಂಗವೇ. ಅಂಕಿತವೆಂದರೆ ಸಾಕ್ಷಿಯ ಹೆಸರು. ಸಾಕ್ಷಿಯ ಹೆಸರನ್ನು ಹೇಳಿ ಆಡಿದ ಮಾತನ್ನು ಆಡಿದವನು ಮರುದಿನ ತನ್ನದಲ್ಲವೆಂದು ಹೇಳಲಾರನು. ಹೀಗೆ ಅಂಕಿತವು ನುಡಿಯ ಹೊಣೆಯನ್ನು ನುಡಿದವನ ಹೆಗಲಿಗೆ ಕಟ್ಟುತ್ತದೆ.

ಅಂಕಿತದ ಬೆಲೆಯು ಪರೀಕ್ಷೆಗೆ ಒಳಗಾದುದು ಪಂಪಾಕ್ಷೇತ್ರವಾದ ಹಂಪೆಯಲ್ಲಿ. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣದ ಶರಣಸಮೂಹವು ಚದುರಿದ ಬಳಿಕ ವಚನದ ಓಲೆಗಳೂ ಊರೂರಿಗೆ, ಮಠಮಠಕ್ಕೆ ಹಂಚಿಹೋದವು. ಮುಂದೆ ಪ್ರೌಢದೇವರಾಯನು ವಿಜಯನಗರವನ್ನು ಆಳುತ್ತಿದ್ದ ಕಾಲದಲ್ಲಿ (1424–1446) ಆ ಓಲೆಗಳನ್ನು ಒಟ್ಟುಗೂಡಿಸುವ ಮಹಾಕಾರ್ಯವು ಹಂಪೆಯನ್ನು ಕೇಂದ್ರವಾಗಿಸಿಕೊಂಡು ನಡೆಯಿತು. ನೂರೊಂದು ವಿರಕ್ತರು ಈ ಕಾರ್ಯದಲ್ಲಿ ತೊಡಗಿದ್ದರೆಂಬುದು ಪರಂಪರೆಯ ನುಡಿ. ಶಿವತತ್ತ್ವಚಿಂತಾಮಣಿಯ ಕರ್ತೃವಾದ ಲಕ್ಕಣ್ಣದಂಡೇಶನೂ ಪ್ರಭುಲಿಂಗಲೀಲೆಯ ಕವಿ ಚಾಮರಸನೂ ಆ ಕಾಲದವರೇ. ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲನೆಯ ಶೂನ್ಯಸಂಪಾದನೆಯನ್ನು ಸಂಕಲಿಸಿದರು. ಒಂದು ಓಲೆಯಿಂದ ಇನ್ನೊಂದಕ್ಕೆ ನಕಲಾಗುತ್ತ, ಲಿಪಿಕಾರರ ಕೈತಪ್ಪಿನಿಂದ ಮಾತು ಮಾರ್ಪಡುತ್ತ, ಒಬ್ಬರದು ಇನ್ನೊಬ್ಬರ ಹೆಸರಿಗೆ ಸೇರುತ್ತ ಬಂದಿದ್ದ ರಾಶಿಯ ನಡುವೆ ಆ ಸಂಕಲನಕಾರರಿಗೆ ಅಂಕಿತವೇ ಕೈದೀವಿಗೆಯಾಗಿದ್ದಿರಬೇಕು. ಕೈಗೆ ಬಂದ ಓಲೆಯನ್ನೆಲ್ಲ ಬಂದಂತೆಯೇ ಮುಂದಕ್ಕೆ ದಾಟಿಸಿದ್ದರೆ ಇಂದು ವಚನವಾಙ್ಮಯವೆಂಬುದು ಯಾರ ಮಾತೋ ಯಾರದೋ ಎಂದು ತಿಳಿಯದ ಗೊಂದಲವಾಗಿ ಉಳಿಯುತ್ತಿತ್ತು.

ಕಾಲ ಬದಲಾದಂತೆ ಸಾಧನವೂ ಬದಲಾಯಿತು. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿ, ಮುದ್ರಣಕ್ಕಾಗಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನ ಸಂಪುಟವನ್ನು ಹೊರತಂದಿತು. 2010ರ ದಶಕದಲ್ಲಿ ಓ. ಎಲ್. ನಾಗಭೂಷಣಸ್ವಾಮಿ, ಸಂಡೂರಿನವರಾದ ಕಥೆಗಾರ ವಸುಧೇಂದ್ರ ಮೊದಲಾದವರು ತಂತ್ರಜ್ಞರೊಡಗೂಡಿ ಈ ವಚನರಾಶಿಯನ್ನು 'ವಚನ ಸಂಚಯ' ಎಂಬ ಹೆಸರಿನಿಂದ ಅಂತರ್ಜಾಲದಲ್ಲಿ ಇರಿಸಿದರು. ಒಂದು ಪದವನ್ನು ಕೊಟ್ಟರೆ ಆ ಪದವಿರುವ ವಚನಗಳು ವಚನಕಾರರ ಹೆಸರಿನೊಡನೆ ಕಣ್ಣಮುಂದೆ ಬಂದು ನಿಲ್ಲುತ್ತವೆ. ಒಂದು ಕಾಲದಲ್ಲಿ ಮಠದ ಕಟ್ಟಿಗೆಯ ಪೆಟ್ಟಿಗೆಯೊಳಗೆ ಅರಿವೆಯಲ್ಲಿ ಸುತ್ತಿಟ್ಟಿದ್ದ ಸಂಪತ್ತು ಇಂದು ಕಂಪ್ಲಿಯ ಗದ್ದೆಯ ಬದುವಿನ ಮೇಲೆ ಕುಳಿತ ರೈತನ ಅಂಗೈಯೊಳಗಿನ ಮೊಬೈಲಿನಲ್ಲಿದೆ. ಆದಕಾರಣ ಈ ಹೊಸ ಸಾಧನವನ್ನು ಹಳಿಯುವುದು ಕೃತಘ್ನತೆಯೇ ಸರಿ.

ಆದರೆ ಅದೇ ಅಂಗೈಗೆ ಅದೇ ದಾರಿಯಿಂದ ಮತ್ತೊಂದು ಬಗೆಯ ನುಡಿಯೂ ಬರುತ್ತಿದೆ. ಹೊಸಪೇಟೆಯ ಅಂಗಡಿಯ ಗಲ್ಲೆಯ ಮೇಲೆ, ಸಂಡೂರಿನ ಗಣಿಯ ಲಾರಿಯೊಳಗೆ, ಹಂಪೆಯ ರಥಬೀದಿಯಲ್ಲಿ, ಮನೆಯ ಅಡುಗೆಕೋಣೆಯಲ್ಲಿ ಬೆಳಗಿನಿಂದ ಇರುಳಿನವರೆಗೆ ಸಂದೇಶಗಳು ಬರುತ್ತಲೇ ಇರುತ್ತವೆ. ಒಂದು ರೋಗಕ್ಕೆ ಮದ್ದು ಹೇಳುತ್ತದೆ. ಒಂದು ಯಾವುದೋ ಊರಿನ ಗಲಭೆಯನ್ನು ತೋರಿಸುತ್ತದೆ. ಮತ್ತೊಂದು ಇದನ್ನು ಹತ್ತು ಮಂದಿಗೆ ಕಳುಹಿಸದವರಿಗೆ ಕೇಡು ತಪ್ಪದೆಂದು ಹೆದರಿಸುತ್ತದೆ. ಇವುಗಳಲ್ಲಿ ಎಷ್ಟೋ ಸಂದೇಶಗಳಿಗೆ ಹೇಳಿದವರ ಹೆಸರಿಲ್ಲ, ಊರಿಲ್ಲ, ದಿನಾಂಕವಿಲ್ಲ. ಮತ್ತೊಬ್ಬರಿಂದ ಬಂದು ದಾಟಿಸಲ್ಪಟ್ಟ ಸಂದೇಶಕ್ಕೆ 'ಫಾರ್ವರ್ಡ್' ಆದುದೆಂಬ ಗುರುತನ್ನು ವಾಟ್ಸ್‌ಆ್ಯಪ್ ಸಂಸ್ಥೆಯು 2018ರ ಜುಲೈಯಿಂದ ಹಾಕುತ್ತಿದೆ. ಮಾತು ಕೈದಾಟಿ ಬಂದಿದೆಯೆಂದು ಆ ಗುರುತು ಹೇಳುತ್ತದೆ. ಯಾರ ಬಾಯಿಂದ ಹೊರಟಿತೆಂದು ಹೇಳುವುದಿಲ್ಲ. ಗುರುತುಂಟು, ಅಂಕಿತವಿಲ್ಲ.

ಇಲ್ಲಿ ಗೃಹಸ್ಥಧರ್ಮಕ್ಕೆ ಸಂಬಂಧಿಸಿದ ಒಂದು ಪ್ರಶ್ನೆ ಏಳುತ್ತದೆ. ತಾನು ಹುಟ್ಟಿಸದ, ತಾನು ಕೇವಲ ದಾಟಿಸಿದ ನುಡಿಗೆ ದಾಟಿಸಿದವನು ಹೊಣೆಗಾರನೋ ಅಲ್ಲವೋ?

ಈ ಪ್ರಶ್ನೆಯು ತರ್ಕಶಾಲೆಯ ಕಾಲಕ್ಷೇಪವಲ್ಲ. 2018ರ ಬೇಸಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶಗಳು ದೇಶದ ಅನೇಕ ರಾಜ್ಯಗಳಲ್ಲಿ ಹರಡಿದವು. ಆ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ಸೀಮೆಗೆ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ತಂಡವೊಂದು ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟಿತು. ಅಷ್ಟಕ್ಕೇ ಸಂಶಯ ಹುಟ್ಟಿತು. ಅವರ ಚಿತ್ರಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದವು. ಅವರ ಕಾರು ಮುರ್ಕಿ ಗ್ರಾಮವನ್ನು ಮುಟ್ಟುವುದರೊಳಗೆ ಸುಳ್ಳು ಅಲ್ಲಿಗೆ ಮುಟ್ಟಿ, ದಾರಿಗೆ ಅಡ್ಡವಾಗಿ ಜನ ನಿಂತಿದ್ದರು. ಕಾರು ಉರುಳಿತು, ಜನ ಎಳೆದು ಬಡಿದರು. ತಡೆಯಲು ಹೋದ ಪೊಲೀಸರಿಗೂ ಪೆಟ್ಟು ಬಿದ್ದಿತು. ಮಕ್ಕಳಿಗೆ ಸಿಹಿ ಕೊಟ್ಟವರ ಜೊತೆಗೆ ಬಂದಿದ್ದ ಯುವಕನೊಬ್ಬನು ಪ್ರಾಣ ಬಿಟ್ಟನು. ಬಳಿಕ ಅನೇಕರ ಬಂಧನವಾಯಿತು; ಆ ವಾಟ್ಸ್‌ಆ್ಯಪ್ ಗುಂಪಿನ ನಿರ್ವಾಹಕನೂ ಬಂಧಿತರಲ್ಲಿ ಒಬ್ಬನು. ಅನುಭವಮಂಟಪವಿದ್ದ ಕಲ್ಯಾಣವು ಇದೇ ಬೀದರ್ ಜಿಲ್ಲೆಯಲ್ಲಿದೆ ಎಂಬುದನ್ನು ನೆನೆದರೆ ಶರಣಸಂತತಿಯವರೆಂದು ಹೇಳಿಕೊಳ್ಳುವವರ ತಲೆ ತಗ್ಗಬೇಕು.

ಅಂದು ಆ ಚಿತ್ರವನ್ನು ದಾಟಿಸಿದವರೆಲ್ಲರನ್ನೂ ಒಬ್ಬೊಬ್ಬರನ್ನಾಗಿ ಕೇಳಿದರೆ ಬರುವ ಉತ್ತರಗಳು ಮೂರು ಬಗೆಯವು. ಅವು ಅಲ್ಲಿಯವರ ಉತ್ತರಗಳಷ್ಟೇ ಅಲ್ಲ. ಎಲ್ಲ ಮನೆಗಳಲ್ಲಿಯೂ ದಿನವೂ ಕೇಳಿಬರುವಂಥವು. ಆದಕಾರಣ ಅವನ್ನು ಒಂದೊಂದಾಗಿ ವಿಚಾರಿಸುವುದು ಯುಕ್ತ.

ಮೊದಲನೆಯ ಉತ್ತರ: 'ಮಾತು ನನ್ನದಲ್ಲ, ಬಂದುದನ್ನು ಕಳುಹಿಸಿದೆ.' ಹೊಸಪೇಟೆಯ ಸುತ್ತ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ರಾಯ ಕಾಲುವೆ, ಬಸವಣ್ಣ ಕಾಲುವೆ ಎಂಬ ಹೆಸರುಗಳು ಅಲ್ಲಿಯ ಮಕ್ಕಳಿಗೂ ಗೊತ್ತು. ಅಲ್ಲಿಯ ರೈತನೊಬ್ಬನು ಅಪರಾತ್ರಿಯಲ್ಲಿ ತೂಬನ್ನೆತ್ತಿ ನೆರೆಯವನ ಕೊಯ್ಲಿಗೆ ಬಂದ ಗದ್ದೆಗೆ ನೀರು ನುಗ್ಗಿಸಿದನೆನ್ನೋಣ. 'ನೀರು ನನ್ನದಲ್ಲ, ತುಂಗಭದ್ರೆಯದು' ಎಂದು ಅವನು ಪಂಚರ ಮುಂದೆ ವಾದಿಸಿದರೆ ಒಪ್ಪುವರೆ? ನೀರು ಹೊಳೆಯದೇ ಸರಿ; ತೂಬನ್ನೆತ್ತಿದ ಕೈ ಅವನದು. ಮಾತು ಯಾರದೇ ಆಗಿರಲಿ, ಅದು ಇನ್ನೊಂದು ಮನೆಗೆ ಹರಿಯಬೇಕೋ ಬೇಡವೋ ಎಂಬ ನಿರ್ಣಯ ದಾಟಿಸುವವನ ಬೆರಳ ತುದಿಯಲ್ಲಿದೆ. ಅವನು ದಾಟಿಸಿದ ಕ್ಷಣದಲ್ಲಿ ಅವನ ನಂಟರು ಅದನ್ನು ಓದುವುದು ಅಜ್ಞಾತನ ಮಾತೆಂದಲ್ಲ. 'ಅಣ್ಣ ಕಳುಹಿಸಿದ್ದಾನೆ, ಮಾವನವರು ಕಳುಹಿಸಿದ್ದಾರೆ' ಎಂದು. ಅಂಕಿತವಿಲ್ಲದ ಮಾತಿಗೆ ಅವನು ತನ್ನ ಹೆಸರನ್ನೇ ಅಂಕಿತವನ್ನಾಗಿ ಕೊಟ್ಟಂತಾಯಿತು.

ಎರಡನೆಯ ಉತ್ತರ: 'ನನ್ನ ಉದ್ದೇಶ ಒಳ್ಳೆಯದು, ನಾಲ್ಕು ಜನರಿಗೆ ಎಚ್ಚರಿಕೆಯಾಗಲೆಂದು ಕಳುಹಿಸಿದೆ.' ಈ ಉತ್ತರದಲ್ಲಿ ಸತ್ಯಾಂಶವಿದೆ; ಅದರಿಂದಲೇ ಇದು ಹೆಚ್ಚು ಅಪಾಯಕರ. ಆ ಹಳ್ಳಿಯ ದಾರಿಯಲ್ಲಿ ಅಡ್ಡ ನಿಂತವರೂ ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ನಂಬಿದ್ದರು. ಭಾವವು ಶುದ್ಧವಾಗಿದ್ದ ಮಾತ್ರಕ್ಕೆ ಕ್ರಿಯೆ ಶುದ್ಧವಾಗದು. ನಡುವೆ ಅರಿವು ಇರಬೇಕು. ಕ್ರಿಯೆಯೂ ಅರಿವೂ ಒಂದನ್ನೊಂದು ಬಿಟ್ಟಿರಲಾಗದೆಂಬುದು ಶರಣಸಿದ್ಧಾಂತದ ತಿರುಳು. ವಿಚಾರಿಸದೆ ತೋರಿದ ಕರುಣೆಯು ವಿಚಾರಿಸದೆ ಕೊಟ್ಟ ಮದ್ದಿನಂತೆ ಕೊಲ್ಲಲೂ ಬಹುದು.

ಮೂರನೆಯ ಉತ್ತರ: 'ಸಾವಿರಾರು ಜನ ಕಳುಹಿಸಿದ್ದಾರೆ, ನಾನೊಬ್ಬನು ಬಿಟ್ಟರೆ ಏನಾಗುವುದು?' ಹೊಣೆಯೆಂಬುದು ಹಂಚಿಕೊಂಡಷ್ಟೂ ಕಿರಿದಾಗುವ ಸೊತ್ತಲ್ಲ. ನೂರು ಜನರು ಕೂಡಿ ಒಬ್ಬನನ್ನು ಬಡಿದರೆ ಪ್ರತಿಯೊಬ್ಬನಿಗೂ ನೂರರಲ್ಲಿ ಒಂದು ಪಾಲಿನ ಪಾಪವೆಂದು ಯಾವ ಧರ್ಮಶಾಸ್ತ್ರವೂ ಲೆಕ್ಕ ಹಾಕಿಲ್ಲ. ಇಷ್ಟಲಿಂಗವು ಒಬ್ಬೊಬ್ಬರ ಕರಸ್ಥಲದಲ್ಲಿ ಬೇರೆಬೇರೆಯಾಗಿದೆ. ಸಾಕ್ಷಿಯೂ ಒಬ್ಬೊಬ್ಬರಿಗೆ ಬೇರೆಬೇರೆಯಾಗಿಯೇ ಇದೆ.

ಇಲ್ಲಿ ಷಟ್‌ಸ್ಥಲಶಾಸ್ತ್ರದ ಒಂದು ವಿವೇಕವು ಗೃಹಸ್ಥನಿಗೆ ನೇರವಾಗಿ ಸಹಾಯಕವಾಗುತ್ತದೆ. ಇಂದ್ರಿಯಗಳಿಗೆ ಬರುವ ವಿಷಯಗಳೆಲ್ಲವೂ ಮೊದಲು ಪದಾರ್ಥಗಳು; ಲಿಂಗಕ್ಕೆ ಅರ್ಪಿತವಾದ ಮೇಲೆ ಪ್ರಸಾದಗಳು. ಘ್ರಾಣಕ್ಕೆ ಆಚಾರಲಿಂಗ, ಜಿಹ್ವೆಗೆ ಗುರುಲಿಂಗ, ನೇತ್ರಕ್ಕೆ ಶಿವಲಿಂಗ, ತ್ವಕ್ಕಿಗೆ ಜಂಗಮಲಿಂಗ, ಶ್ರೋತ್ರಕ್ಕೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ ಎಂದು ಶಾಸ್ತ್ರವು ವಿಂಗಡಿಸಿದೆ. ಊಟದ ಎಡೆಯ ವಿಷಯದಲ್ಲಿ ಈ ನಿಯಮವನ್ನು ಪಾಲಿಸುವ ಭಕ್ತರು ಕಿವಿಗೆ ಬಿದ್ದ ಶಬ್ದದ ವಿಷಯದಲ್ಲಿ, ಕಣ್ಣಿಗೆ ಬಿದ್ದ ಚಿತ್ರದ ವಿಷಯದಲ್ಲಿ ಅದನ್ನು ಮರೆಯುವರು. ಮೊಬೈಲಿಗೆ ಬಂದ ಸಂದೇಶವು ಪದಾರ್ಥವೇ ಹೊರತು ಪ್ರಸಾದವಲ್ಲ. ಪದಾರ್ಥದಲ್ಲಿ ಕಲ್ಲಿರಬಹುದು, ಹುಳುವಿರಬಹುದು, ವಿಷವೂ ಇರಬಹುದು. ಆರಿಸಿ, ಕೇರಿ, ತೊಳೆದು, ಬೇಯಿಸಿ, ಅರ್ಪಿಸಿದ ಬಳಿಕವೇ ಪಂಕ್ತಿಗೆ ಬಡಿಸುವುದು. ಪಂಕ್ತಿಯಲ್ಲಿ ಬಡಿಸತಕ್ಕುದು ಪ್ರಸಾದವನ್ನು ಮಾತ್ರ. ಕೈಗೆ ಬಂದ ಹಸಿ ಧಾನ್ಯವನ್ನು ಹಾಗೆಯೇ ಅತಿಥಿಯ ಎಲೆಗೆ ಸುರಿಯುವುದು ದಾಸೋಹವಾಗದು.

ಹಾಗಾದರೆ ಮೌನವೇ ಶ್ರೇಯಸ್ಕರವೆನ್ನಬಹುದೆ? ಅದೂ ಸಲ್ಲದು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. 1953ರಲ್ಲಿ ಮುಗಿದ ಆ ಅಣೆಕಟ್ಟಿನ ತುಂಬಿದ ಜಲಾಶಯದ ಮೇಲಿನ ಒತ್ತಡವನ್ನು ತಗ್ಗಿಸಲು ಇತರ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಇಳಿಸಲಾಯಿತು. ಹೊಳೆ ಉಕ್ಕಿದರೆ ಹಂಪೆಯ ಪುರಂದರಮಂಟಪ, ಕಂಪ್ಲಿಯ ಸೇತುವೆ ನೀರಿನಲ್ಲಿ ಮುಳುಗುವುದನ್ನು ಕಂಡಿರುವ ತೀರದ ಜನರಿಗೆ ಅಂಥ ರಾತ್ರಿಯಲ್ಲಿ ಒಂದು ನಿಜವಾದ ಮಾತು ಪ್ರಾಣಕ್ಕೆ ಸಮಾನ. ನಿಜವಾದ ಎಚ್ಚರಿಕೆ ಒಂದು ಗಳಿಗೆ ತಡವಾದರೆ ಜೀವ ಹೋದೀತು. ಅಣೆಕಟ್ಟೇ ಒಡೆಯಿತೆಂಬ ಸುಳ್ಳು ಒಂದು ಗಳಿಗೆ ಮುಂಚೆ ಬಂದರೂ ಕತ್ತಲೆಯಲ್ಲಿ ಓಡುವ ಮುದುಕರ, ಮಕ್ಕಳ ಜೀವ ಹೋದೀತು. ಆ ಹೊತ್ತಿನಲ್ಲಿ ಸುಮ್ಮನಿರುವುದೂ ದೋಷ, ತಿಳಿಯದೆ ನುಡಿಯುವುದೂ ದೋಷ. 'ಜಿಲ್ಲಾಡಳಿತವು ಇಂಥ ಗಂಟೆಗೆ ಹೀಗೆ ತಿಳಿಸಿದೆ. ಕೇಳಿ ಖಚಿತಪಡಿಸಿಕೊಂಡವನು ಇಂಥವನು' ಎಂದು ಹೆಸರು, ಹೊತ್ತು, ಮೂಲಗಳನ್ನು ಸೇರಿಸಿ ಹೇಳಿದ ಮಾತು ಅಂಕಿತವುಳ್ಳ ಮಾತು. ಅಂಥದನ್ನು ದಾಟಿಸುವುದು ಪುಣ್ಯಕಾರ್ಯ.

ಮತ್ತೊಂದು ವಿಷಯವು ಮಠದ ಭಕ್ತರಿಗೇ ಸಂಬಂಧಿಸಿದ್ದು. ಪಂಚಾಚಾರಗಳಲ್ಲಿ ಗಣಾಚಾರವೂ ಒಂದು. ಧರ್ಮಕ್ಕೆ ಬಂದ ನಿಂದೆಯನ್ನು ಸಹಿಸದಿರುವುದು ಅದರ ಲಕ್ಷಣ. ಈ ಲಕ್ಷಣವನ್ನು ಬಲ್ಲ ಕುಹಕಿಗಳು ಯಾವುದೋ ಮೂಲೆಯಲ್ಲಿ ಕುಳಿತು, ಇಂಥ ಜಾತಿಯವರು ಬಸವಣ್ಣನವರನ್ನು ನಿಂದಿಸಿದರು, ಇಂಥ ಮತದವರು ಮಠವನ್ನು ಅವಮಾನಿಸಿದರು ಎಂದು ಬರೆದು ಹರಿಯಬಿಡಬಲ್ಲರು. ಅದನ್ನು ಕಂಡು ಕೆರಳಿ ದಾಟಿಸುವವನು ತಾನು ಗಣಾಚಾರವನ್ನು ಪಾಲಿಸಿದೆನೆಂದು ಭಾವಿಸುವನು. ನಿಂದೆ ನಡೆದಿದೆಯೋ ಇಲ್ಲವೋ ಎಂಬುದನ್ನೇ ಅರಿಯದೆ ನಿಂದೆಯನ್ನು ಸಾವಿರ ಮನೆಗಳಿಗೆ ಮುಟ್ಟಿಸಿದವನು ನಿಂದಕನ ಕೆಲಸವನ್ನೇ ಮಾಡಿದಂತಾಯಿತು. ಇನ್ನು ಕೆಲವರು ತಮಗೆ ತೋಚಿದ ಮಾತಿಗೆ ಕೂಡಲಸಂಗಮದೇವನ ಅಂಕಿತವನ್ನು ಅಂಟಿಸಿ ಬಸವಣ್ಣನವರ ಚಿತ್ರದೊಡನೆ ಹಂಚುವರು. ಮಾತು ಒಳ್ಳೆಯದೇ ಇದ್ದರೂ ಅಂಕಿತದ ಕಳವು ಕಳವೇ. ಸಂದೇಹ ಬಂದಾಗ ಸಮಗ್ರ ವಚನ ಸಂಪುಟವನ್ನೋ ಅಂತರ್ಜಾಲದ ವಚನ ಸಂಚಯವನ್ನೋ ನೋಡಿದರೆ ನಿಜವು ಕೂಡಲೇ ತಿಳಿಯುವುದು. ಹಂಪೆಯ ವಿರಕ್ತರಿಗೆ ಈ ಸೌಕರ್ಯವಿರಲಿಲ್ಲ.

ಇಷ್ಟು ಹೇಳಿದ ಬಳಿಕ ಬಲವಾದ ಆಕ್ಷೇಪವೊಂದನ್ನು ಎದುರಿಸಬೇಕು. ಅಂಕಿತವು ಅಷ್ಟು ಅವಶ್ಯಕವಾದರೆ, ಸರ್ಕಾರವೇ ಪ್ರತಿಯೊಂದು ಸಂದೇಶದ ಮೂಲವನ್ನು ಕಂಡುಹಿಡಿದು ತಪ್ಪಿತಸ್ಥರನ್ನು ಶಿಕ್ಷಿಸಬಾರದೇಕೆ? 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮಗಳು, ಗಂಭೀರ ಅಪರಾಧಗಳ ಸಂದರ್ಭದಲ್ಲಿ ಆಜ್ಞೆಯಾದರೆ ಸಂದೇಶದ ಮೊದಲ ಕರ್ತೃವನ್ನು ದೊಡ್ಡ ಸಂದೇಶಸಂಸ್ಥೆಗಳು ತಿಳಿಸಬೇಕೆಂದು ವಿಧಿಸಿದವು. ಹಾಗೆ ತಿಳಿಸಬೇಕಾದರೆ ಎಲ್ಲರ ಸಂದೇಶಗಳ ಗೋಪ್ಯತೆಯ ಬೀಗವನ್ನೂ ಒಡೆಯಬೇಕಾಗುವುದೆಂದು ವಾದಿಸಿ ವಾಟ್ಸ್‌ಆ್ಯಪ್ ಸಂಸ್ಥೆಯು ಅದೇ ವರ್ಷ ದೆಹಲಿಯ ಹೈಕೋರ್ಟಿಗೆ ಹೋಯಿತು. ಒಬ್ಬ ಕಳ್ಳನನ್ನು ಹಿಡಿಯಲು ಊರಿನ ಎಲ್ಲ ಮನೆಗಳ ಕದಗಳನ್ನೂ ಕಿತ್ತಿಡಬಹುದೆ ಎಂಬುದೇ ಆ ವಿವಾದದ ಸಾರ. ಕಳ್ಳನಿಗೆ ಶಿಕ್ಷೆಯಾಗಲೇಬೇಕು, ಕದವಿಲ್ಲದ ಮನೆಯೂ ಮನೆಯಲ್ಲ.

ದಂಡಾಧಿಕಾರವು ನುಡಿಯ ಮೇಲೆ ಬಿದ್ದಾಗ ಏನಾಗುವುದೆಂಬುದಕ್ಕೂ ಸಾಕ್ಷ್ಯವಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮು ಕಿರಿಕಿರಿಯಾಗುವ ಮಾತನ್ನು ಬರೆದವರನ್ನೂ ಸೆರೆಗೆ ಕಳುಹಿಸಬಲ್ಲದ್ದಾಗಿತ್ತು. ಅದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಪಡಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಹೊರಟ ವಿಚಾರವು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಗಿ, ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಏಕಮತದಿಂದ ನಿರ್ಣಯವಾಯಿತು. ತೊಂಬತ್ತು ದಾಟಿದ ವಯಸ್ಸಿನಲ್ಲಿ ಆ ತೀರ್ಪನ್ನು ಕಂಡ ಆ ಹಿರಿಯರು 2024ರಲ್ಲಿ ನಿಧನರಾದರು. ಶರಣರಿಗೆ ಅಂಕಿತವನ್ನು ಯಾವ ಅರಸನೂ ಹೇರಲಿಲ್ಲ; ಅವರು ತಾವಾಗಿಯೇ ಇಟ್ಟುಕೊಂಡರು. ಹೇರಿದ ಅಂಕಿತವು ಭಯವನ್ನು ಹುಟ್ಟಿಸುತ್ತದೆ. ಭಯಗೊಂಡ ನಾಲಗೆಯಿಂದ ಸುಳ್ಳಿನೊಡನೆ ಸತ್ಯವೂ ಹೊರಡದಂತಾಗುತ್ತದೆ. ಆದಕಾರಣ ನುಡಿಗೆ ಅಂಕಿತವನ್ನಿಡುವ ಕೆಲಸವು ಮೊದಲು ಗೃಹಸ್ಥನದು. ಆ ಕೆಲಸವನ್ನು ಅವನು ಬಿಟ್ಟಷ್ಟೂ ಸರ್ಕಾರದ ಕೈ ಅವನ ಮನೆಯೊಳಗೆ ಚಾಚುವುದಕ್ಕೆ ಕಾರಣ ಸಿಗುತ್ತದೆ.

ನುಡಿಗೆ ಅಂಕಿತವಿರುವಂತೆ ಕಾಯಕ್ಕೂ ಅಂಕಿತವಿದೆ. ಹೆಬ್ಬೆರಳಿನ ಗೆರೆ, ಕಣ್ಣಿನ ಪಾಪೆ, ಮುಖದ ಚಹರೆ ಇವೇ ಅವು. ಹಿಂದೆ ಸಾಹುಕಾರನ ಕಾಗದದ ಮೇಲೆ ಓದು ಬಾರದವರು ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ಕಥೆಗಳು ಎಲ್ಲ ಊರುಗಳಲ್ಲಿಯೂ ಇವೆ. ಇಂದು ಬ್ಯಾಂಕಿನ ಪ್ರತಿನಿಧಿಯು ಹಳ್ಳಿಗೇ ಯಂತ್ರವನ್ನು ತಂದಾಗ ಸಂಡೂರು ಸೀಮೆಯ ತಾಂಡಾದ ಹೆಣ್ಣುಮಗಳೂ ಕಂಪ್ಲಿಯ ನಾಟಿ ಕೆಲಸದ ತಾಯಿಯೂ ಆಧಾರ್ ಸಂಖ್ಯೆ ಹೇಳಿ ಬೆರಳೊತ್ತಿ ಹಣ ಪಡೆಯುವರು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಿಂದ ಮನೆಯೊಡತಿಯ ಖಾತೆಗೆ ತಿಂಗಳಿಗೆ 2000 ರೂಪಾಯಿಯಂತೆ ಬಂದಾಗ ಈ ಸೌಕರ್ಯದ ಬೆಲೆ ಅನೇಕರಿಗೆ ತಿಳಿಯಿತು. ಅದೇ 2023ರಲ್ಲಿ, ನೋಂದಾಯಿತ ಕ್ರಯಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಆಧಾರ್ ಮೂಲಕದ ಪಾವತಿ ವ್ಯವಸ್ಥೆಯಲ್ಲಿ ಜನರ ಹಣವನ್ನು ಕದ್ದ ಪ್ರಕರಣಗಳು ಕರ್ನಾಟಕದಲ್ಲಿ ಬೆಳಕಿಗೆ ಬಂದವು. ಕದ್ದ ಬೀಗದ ಕೈಯನ್ನು ಬದಲಿಸಬಹುದು. ಕದ್ದ ಹೆಬ್ಬೆರಳನ್ನು ಬದಲಿಸುವುದು ಹೇಗೆ? ಆಧಾರ್ ಪ್ರಾಧಿಕಾರದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. ಬೇಕಾದಾಗ ತೆರೆದು ಬೇಡವಾದಾಗ ಮುಚ್ಚಬಹುದು. ಓದು ಬಲ್ಲ ಮಕ್ಕಳು ಮನೆಯ ಹಿರಿಯರಿಗೆ ಇದನ್ನು ಮಾಡಿಕೊಡುವುದು ಸೇವೆಯೇ ಸರಿ.

ಕಳ್ಳ ಅಂಕಿತದ ಇನ್ನೊಂದು ರೂಪವೂ ಉಂಟು. ಪೊಲೀಸರ ಸಮವಸ್ತ್ರ ತೊಟ್ಟು ವೀಡಿಯೊ ಕರೆಯಲ್ಲಿ ಕಾಣಿಸಿಕೊಂಡು, 'ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ, ಕರೆಯನ್ನು ಕಡಿಯಬೇಡಿ' ಎಂದು ಬೆದರಿಸಿ ಹಣ ಕೀಳುವರು. ಅಂಥ ಬಂಧನವೆಂಬುದು ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಗಳೇ ಇದನ್ನು ಸ್ಪಷ್ಟಪಡಿಸಿದರು. ಹಣ ಹೋದುದು ತಿಳಿದ ಕೂಡಲೇ 1930 ಎಂಬ ಸಂಖ್ಯೆಗೆ ಕರೆ ಮಾಡಿದರೆ ಅದನ್ನು ದಾರಿಯಲ್ಲಿಯೇ ತಡೆಯುವ ಸಂಭವವುಂಟು. ಮೋಸಹೋದವರು ನಾಚಿಕೆಯಿಂದ ಮುಚ್ಚಿಡುವುದು ಬೇಡ. ನಾಚಬೇಕಾದವನು ಮೋಸ ಮಾಡಿದವನು.

ಕಾಯದ ಅಂಕಿತವನ್ನು ಕೇಳುವವರೆಲ್ಲರೂ ಕಳ್ಳರಲ್ಲ. ಅಗತ್ಯಕ್ಕಿಂತ ಹೆಚ್ಚು ಕೇಳುವವರೂ ಉಂಟು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ರೂಢಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವರ ಧರ್ಮಪತ್ನಿ ಲಕ್ಕಮ್ಮನವರು ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರಬೇಕೆಂದು ಕಳುಹಿಸಿದ ಕಥೆಯನ್ನು ಕೇಳದ ಭಕ್ತರಿಲ್ಲ. ಇಂದು ದೀಪ ಉರಿಸುವುದಕ್ಕೆಂದು ಇಳಿಸಿಕೊಂಡ ಆ್ಯಪೊಂದು ಮನೆಯವರ ದೂರವಾಣಿ ಸಂಖ್ಯೆಗಳನ್ನೂ ಓಡಾಡುವ ಸ್ಥಳವನ್ನೂ ಚಿತ್ರಗಳನ್ನೂ ಕೇಳಿದರೆ, ಅದು ಲಕ್ಕಮ್ಮನವರು ಒಪ್ಪದ ಅಕ್ಕಿಯೇ. 2023ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಇದೇ ತತ್ತ್ವವನ್ನು ಹೇಳುತ್ತದೆ: ಒಪ್ಪಿಗೆಯು ಸ್ವತಂತ್ರವಾಗಿರಬೇಕು, ಹೇಳಿದ ಕೆಲಸಕ್ಕೆ ಬೇಕಾದಷ್ಟಕ್ಕೇ ಸೀಮಿತವಾಗಿರಬೇಕು, ಕೊಟ್ಟಷ್ಟು ಸುಲಭವಾಗಿ ಹಿಂತೆಗೆದುಕೊಳ್ಳಲೂ ಬರಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶವಿರಬೇಕೆಂದೂ ಕಾಯಿದೆಯಲ್ಲಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ವಿಧಿಗಳ ಜಾರಿಗೆ ಹದಿನೆಂಟು ತಿಂಗಳ ಅವಧಿಯನ್ನು ಇಡಲಾಗಿದೆ. ಓದಿ ತಿಳಿಯಲಾಗದ ಭಾಷೆಯ ಕಾಗದಕ್ಕೆ ಒಪ್ಪಿಗೆಯೊತ್ತುವುದು ಕುರುಡು ಹೆಬ್ಬೆಟ್ಟೇ ಆದುದರಿಂದ, ಕನ್ನಡದಲ್ಲಿ ಕೇಳುವ ಹಕ್ಕನ್ನು ಕನ್ನಡಿಗರು ಬಿಟ್ಟುಕೊಡಬಾರದು.

ಹಕ್ಕೂ ಹೊಣೆಯೂ ಹೀಗೆ ಒಂದೇ ಬೇರಿನಿಂದ ಹೊರಟ ಎರಡು ಕೊಂಬೆಗಳು. ತನ್ನ ಬೆರಳಚ್ಚು ತನ್ನ ಅರಿವಿಲ್ಲದೆ ಬೇರೊಬ್ಬರ ಕೈಗೆ ಹೋಗಬಾರದೆಂದು ಬಯಸುವ ಗೃಹಸ್ಥನು, ಬೇರೊಬ್ಬರ ಮಾನವು ತನ್ನ ಬೆರಳಿನಿಂದ ಅರಿವಿಲ್ಲದೆ ಹರಾಜಾಗಬಾರದೆಂದೂ ಬಯಸಬೇಕು. ನೆರೆಮನೆಯ ಹೆಣ್ಣುಮಗಳ ಚಿತ್ರವನ್ನು ನಗೆಗಾಗಿ ಹಂಚಿದವನಿಗೆ ತನ್ನ ಖಾಸಗಿತನದ ಹಕ್ಕನ್ನು ಕೇಳುವ ಬಾಯಿ ಎಲ್ಲಿಯದು?

ಆಚರಣೆಯಲ್ಲಿ ಇದು ಕಠಿಣವಲ್ಲ. ಸಂದೇಶವನ್ನು ದಾಟಿಸುವ ಮೊದಲು ಮೂರು ಪ್ರಶ್ನೆಗಳು ಸಾಕು. ಇದನ್ನು ಹೇಳಿದವರಾರು? ಇದು ಎಲ್ಲಿಯದು, ಎಂದಿನದು? ಇದನ್ನು ಇಷ್ಟಲಿಂಗದ ಮುಂದೆ, ಯಾರ ಮೇಲೆ ಹೇಳಿದೆಯೋ ಅವರ ಎದುರಿನಲ್ಲಿ, ತನ್ನ ಹೆಸರು ಸೇರಿಸಿ ಗಟ್ಟಿಯಾಗಿ ಓದಬಹುದೆ? ಮೂರಕ್ಕೂ ಉತ್ತರ ದೊರೆತರೆ ದಾಟಿಸಲಿ. ಒಂದಕ್ಕೆ ದೊರೆಯದಿದ್ದರೂ ಮಾತು ತನ್ನಲ್ಲಿಯೇ ನಿಲ್ಲಲಿ. ತಿಳಿಯದೆ ಸುಳ್ಳನ್ನು ದಾಟಿಸಿದ್ದು ಗೊತ್ತಾದರೆ, ಯಾರ್ಯಾರಿಗೆ ಕಳುಹಿಸಿದ್ದನೋ ಅವರೆಲ್ಲರಿಗೂ 'ಅದು ಸುಳ್ಳು, ಕಳುಹಿಸಿದವನು ನಾನು' ಎಂದು ತಿದ್ದುಪಡಿಯನ್ನು ಕಳುಹಿಸಲಿ. ಎತ್ತಿದ ತೂಬನ್ನು ಎತ್ತಿದವನೇ ಇಳಿಸಬೇಕು. ಮೊದಲನೆಯ ಸಲ ನಾಚಿಕೆಯಾದೀತು; ಎರಡನೆಯ ಸಲ ಬೆರಳು ತಾನಾಗಿಯೇ ತಡೆಯುವುದು. ಮನೆಯ ಯಜಮಾನನು ಹೀಗೆ ನಡೆದರೆ ಮಕ್ಕಳು ಕಲಿಯುವರು. ಮಠದ ಗುಂಪುಗಳಲ್ಲಿ ಹಿರಿಯರು ಹೀಗೆ ನಡೆದರೆ ಊರು ಕಲಿಯುವುದು.

ಹಂಪೆಯ ವಿರಕ್ತರು ಸವೆದ ಓಲೆಗಳನ್ನು ಒಂದೊಂದಾಗಿ ಎತ್ತಿ, ಇದು ಯಾರ ನುಡಿಯೆಂದು ವಿಚಾರಿಸಿ, ಮುಂದಿನವರಿಗೆ ಒಪ್ಪಿಸಿದುದರಿಂದ ಶರಣರ ಮಾತು ಇಂದಿಗೂ ಶರಣರ ಮಾತಾಗಿಯೇ ಉಳಿದಿದೆ. ಅಂಗೈಯಲ್ಲಿ ಮೊಬೈಲು ಹಿಡಿದ ಪ್ರತಿಯೊಬ್ಬ ಭಕ್ತನೂ ಈಗ ಅಂಥದೇ ಭಂಡಾರದ ಬಾಗಿಲಲ್ಲಿ ನಿಂತಿದ್ದಾನೆ. ಅದೇ ಅಂಗೈಯಲ್ಲಿ ಪೂಜೆಯ ವೇಳೆಗೆ ಇಷ್ಟಲಿಂಗವೂ ಬಂದು ನೆಲೆಸುವುದೆಂಬ ನೆನಪೊಂದಿದ್ದರೆ ಆ ಕೈಯಿಂದ ಅಂಕಿತವಿಲ್ಲದ ನುಡಿ ಹೊರಡಲಾರದು.